ಒಂದು ದಿನವೂ ತಪ್ಪಿಸದವರು

ಶ್ರೀದೇವಿ ರಾಣೆಬೆನ್ನೂರಿನ ಒಂದು ಕಾಲೇಜಿನಲ್ಲಿ ಐದು ವರ್ಷ ಸಂಖ್ಯಾಶಾಸ್ತ್ರ ಕಲಿಸಿದಳು. ಸೇರಿದ ವರ್ಷ ತರಗತಿಯಲ್ಲಿ ಹತ್ತೊಂಬತ್ತು ಮಂದಿ ಇದ್ದರು. ಮರುವರ್ಷ ಹದಿನಾಲ್ಕು, ಅದರ ಮರುವರ್ಷ ಒಂಬತ್ತು. ಆಗ ಅವಳು ಪ್ರಾಂಶುಪಾಲರ ಕೋಣೆಗೆ ಹೋಗಿ, ಬರುವ ವರ್ಷ ಐದು ಮಂದಿ ಸೇರುತ್ತಾರೆ, ಅದರಾಚೆಯ ವರ್ಷ ಇಬ್ಬರು, ಆಮೇಲೆ ಯಾರೂ ಇಲ್ಲ ಎಂದು ಹೇಳಿ, ಲೆಕ್ಕ ಬರೆದ ಹಾಳೆಯನ್ನು ಮೇಜಿನ ಮೇಲಿಟ್ಟು ಬಂದಳು. ಪ್ರಾಂಶುಪಾಲರು ಅದನ್ನು ಓದಿ, ಬಾಯಿಂದ ಒಳ್ಳೆಯ ಮಾತು ಬರಬೇಕಮ್ಮ ಎಂದರು. ಮುಂದಿನ ವರ್ಷ ಐದು ಮಂದಿ ಸೇರಿದರು. ಅದರಾಚೆಯ ವರ್ಷ ಇಬ್ಬರು. 2006ರ ಬೇಸಿಗೆಯಲ್ಲಿ ವಿಭಾಗ ಮುಚ್ಚಿತು. ಬೀಳ್ಕೊಡುವ ದಿನ ಪ್ರಾಂಶುಪಾಲರು ಅವಳಿಗೆ ಶಾಲು ಹೊದಿಸಿ, ಇವರ ಲೆಕ್ಕ ಒಮ್ಮೆಯೂ ತಪ್ಪಲಿಲ್ಲ ಎಂದು ಭಾಷಣ ಮಾಡಿದರು. ಅದು ಹೊಗಳಿಕೆಯೋ ದೂರೋ ಎಂಬುದು ಸಭೆಗೆ ಗೊತ್ತಾಗದೆ ಚಪ್ಪಾಳೆ ಸ್ವಲ್ಪ ತಡವಾಗಿ ಬಿತ್ತು.

ಆಗ ಅವಳಿಗೆ ಇಪ್ಪತ್ತೊಂಬತ್ತು. ಧಾರವಾಡದಲ್ಲಿ ಎಂ.ಎಸ್ಸಿ. ಓದಿ, ಬ್ಯಾಡಗಿಯ ಮನೋಹರನನ್ನು ಮದುವೆಯಾಗಿದ್ದಳು. ಮನೋಹರನದು ಮೆಣಸಿನಕಾಯಿ ಮಾರುಕಟ್ಟೆಯ ಹಿಂದೆ ಗೋಣಿಚೀಲದ ಅಂಗಡಿ. ಮನೆಯಲ್ಲಿ ಇವರಿಬ್ಬರು, ಜೊತೆಗೆ ಅತ್ತೆ ನೀಲಗಂಗವ್ವ. ಕೆಲಸ ಹೋದ ದಿನ ಶ್ರೀದೇವಿ ಎಂದಿನ ಗಾಡಿಗೇ ಇಳಿದು ಬಂದಳು, ಶಾಲನ್ನು ಮಡಚಿ ಟ್ರಂಕಿನಲ್ಲಿಟ್ಟಳು, ಸಂಜೆಯ ರೊಟ್ಟಿ ಬಡಿದಳು. ಎರಡು ವರ್ಷದಿಂದ ಬರುತ್ತದೆಂದು ಗೊತ್ತಿದ್ದ ದಿನ ಬಂದಾಗ ಅಳುವುದು ಹೇಗೆಂದು ಅವಳಿಗೆ ತಿಳಿಯಲಿಲ್ಲ.

ಕಾಲೇಜಿನ ಗುಮಾಸ್ತರು ಈ ಲೆಕ್ಕದ ಕತೆಯನ್ನು ಚಹಾ ಅಂಗಡಿಯಲ್ಲಿ ಹೇಳಿದರು. ಅದು ಸುನೀಲಕುಮಾರನ ಕಿವಿಗೆ ಬಿತ್ತು.

ಸುನೀಲಕುಮಾರ ಹಾವೇರಿಯವನು. ಅಲ್ಲಿ ಕಂಪ್ಯೂಟರ್ ತರಬೇತಿ ಕೇಂದ್ರ ನಡೆಸಿ, ಅದು ಕೈಹತ್ತದೆ, ರಾಣೆಬೆನ್ನೂರಿನಲ್ಲಿ ಬೀಜದ ಅಂಗಡಿಯೊಂದರ ಮೇಲಿನ ಮಹಡಿ ಹಿಡಿದು ಇಪ್ಪತ್ತೆರಡು ಜನರನ್ನು ಕೂರಿಸಿದ್ದ. ಅವರ ಕೆಲಸ ಸಮುದ್ರದಾಚೆಯ ಒಂದು ತಣ್ಣನೆಯ ದೇಶದ ಕಂಪನಿಗೆ. ಆ ಕಂಪನಿ ‘ಕಾಪರ್‌ಗೇಟ್’ ಎಂಬ ಆಟ ನಡೆಸುತ್ತಿತ್ತು. ಕಂಪ್ಯೂಟರಿನಲ್ಲಿ ಆಡುವ ಆಟ. ಆದರೆ ಒಬ್ಬೊಬ್ಬರೇ ಅಲ್ಲ, ಲೋಕದ ಮೂಲೆಮೂಲೆಯ ಸಾವಿರಾರು ಜನ ಇಂಟರ್ನೆಟ್ಟಿನ ಮೂಲಕ ಒಂದೇ ಊರಿನೊಳಗೆ ಸೇರಿ ಆಡುವಂಥದ್ದು. ತಿಂಗಳ ಚಂದಾ ಕಟ್ಟಿದವನಿಗೆ ಒಳಗೆ ಒಂದು ವೇಷ ಸಿಗುತ್ತದೆ. ಕಮ್ಮಾರನಾಗಬಹುದು, ಬೇಟೆಗಾರನಾಗಬಹುದು, ಗೆಳೆಯರ ಗುಂಪು ಕಟ್ಟಿಕೊಂಡು ರಾಕ್ಷಸರನ್ನು ಕೊಲ್ಲಬಹುದು. ಆಟ ಶುರುವಾದದ್ದು 1998ರಲ್ಲಿ. ಒಂದು ಕಾಲಕ್ಕೆ ಒಂದೂವರೆ ಲಕ್ಷ ಚಂದಾದಾರರಿದ್ದರಂತೆ. ಈಗ ನಲವತ್ತೊಂದು ಸಾವಿರ ಉಳಿದಿದ್ದರು. ಹೊಸ ಹೊಸ ಆಟಗಳು ಬಂದಿದ್ದವು. ಕಾಪರ್‌ಗೇಟಿನ ಮರಗಳು ಅವುಗಳ ಮುಂದೆ ಹಸಿರು ಡಬ್ಬಿಗಳಂತೆ ಕಾಣುತ್ತಿದ್ದವು. ರಾಣೆಬೆನ್ನೂರಿನ ಇಪ್ಪತ್ತೆರಡು ಜನ ಆಟಗಾರರ ದೂರುಗಳಿಗೆ ಉತ್ತರ ಬರೆಯುತ್ತಿದ್ದರು: ಕತ್ತಿ ಕಳೆದಿದೆ, ಬಾಗಿಲು ತೆರೆಯುತ್ತಿಲ್ಲ, ಕುದುರೆ ಗೋಡೆಯೊಳಗೆ ಸಿಕ್ಕಿಕೊಂಡಿದೆ.

ಕಂಪನಿಗೆ ಈಗ ಇನ್ನೊಂದು ಕೆಲಸವೂ ಬೇಕಾಗಿತ್ತು. ಬರುವ ತಿಂಗಳು ಯಾರು ಯಾರು ಚಂದಾ ನಿಲ್ಲಿಸುತ್ತಾರೆ ಎಂದು ಈ ತಿಂಗಳೇ ಗೊತ್ತಾಗಬೇಕು. ಸುನೀಲಕುಮಾರ ಶ್ರೀದೇವಿಯನ್ನು ಕರೆಸಿ, ಬಿಟ್ಟು ಹೋಗೋರನ್ನ ಮೊದಲೇ ಹೇಳೋಕೆ ಬರುತ್ತದಂತೆ ನಿಮಗೆ, ಖರೇ ಏನು ಎಂದು ಕೇಳಿದ. ಎಷ್ಟು ಜನ ಎಂದು ಹೇಳಬಹುದು, ಯಾರು ಎಂದು ಹೇಳಲು ಹಾಜರಿ ಬೇಕು ಎಂದಳು. ಹಾಜರಿ ಎಷ್ಟು ಬೇಕಾದರೂ ಇದೆ ಎಂದ. ಮಾರನೆಯ ಸೋಮವಾರದಿಂದ ಅವಳು ಕೆಲಸಕ್ಕೆ ಬಂದಳು.

ಬ್ಯಾಡಗಿಯ ನೆರೆಹೊರೆಯವರು ಕಾಪರ್‌ಗೇಟ್ ಎಂದರೆ ರೈಲ್ವೆ ಗೇಟು ಇರಬೇಕು ಎಂದುಕೊಂಡರು. ಸರಕಾರಿ ನೌಕರಿಯೇ ಸಿಕ್ಕಿತಲ್ಲ ಎಂದು ಇಬ್ಬರು ಬಂದು ಸಂತೋಷಪಟ್ಟು ಹೋದರು. ಮನೋಹರ ಅಲ್ಲವೆನ್ನಲಿಲ್ಲ.

ಶ್ರೀದೇವಿ ಜೀವನದಲ್ಲಿ ಇಸ್ಪೀಟನ್ನೂ ಆಡಿದವಳಲ್ಲ. ಆಟದ ಒಳಗೆ ಏನಿದೆ ಎಂದು ನೋಡುವ ಮನಸ್ಸೂ ಅವಳಿಗಿರಲಿಲ್ಲ. ಅವಳಿಗೆ ಬೇಕಾದದ್ದು ಸಾಲುಗಳು. ಯಾವ ಆಟಗಾರ ಎಷ್ಟು ದಿನ ಬಂದ, ಎಷ್ಟು ಹೊತ್ತಿದ್ದ, ಅವನ ಗೆಳೆಯರಲ್ಲಿ ಎಷ್ಟು ಜನ ಇನ್ನೂ ಬರುತ್ತಿದ್ದಾರೆ, ಗುಂಪಿನಲ್ಲಿದ್ದಾನೋ ಬಿಟ್ಟನೋ. ಎರಡು ತಿಂಗಳು ಹಳೆಯ ಹಾಜರಿಯನ್ನೆಲ್ಲ ಉಜ್ಜಿ ನೋಡಿ ಅವಳು ಒಂದು ಸೂತ್ರ ಕಟ್ಟಿದಳು. ಬಿಟ್ಟು ಹೋಗುವವರು ಸಿಟ್ಟು ಮಾಡಿಕೊಂಡು ಹೋಗುವುದಿಲ್ಲ ಎಂಬುದು ಅದರಿಂದ ತಿಳಿಯಿತು. ಜಗಳ ಬರೆದು ಕಳಿಸುವವರು ವರ್ಷಗಟ್ಟಲೆ ಇರುತ್ತಾರೆ. ಹೋಗುವವರು ಮೊದಲು ಗೆಳೆಯರನ್ನು ಕಳೆದುಕೊಳ್ಳುತ್ತಾರೆ, ಆಮೇಲೆ ತಮ್ಮ ಕತ್ತಿ, ಕವಚಗಳನ್ನು ಯಾರಿಗೋ ಸುಮ್ಮನೆ ಕೊಟ್ಟುಬಿಡುತ್ತಾರೆ, ಆಮೇಲೆ ಕೆಲವು ದಿನ ಬಂದು ಏನೂ ಮಾಡದೆ ನಿಂತಿರುತ್ತಾರೆ.

ಪ್ರತಿ ತಿಂಗಳ ಮೊದಲ ದಿನ ಅವಳು ಒಂದು ಪಟ್ಟಿ ಕಳಿಸುತ್ತಿದ್ದಳು. ಪಟ್ಟಿಯಲ್ಲಿದ್ದ ನೂರರಲ್ಲಿ ಎಂಬತ್ತು ಜನ ಹೋಗುತ್ತಿದ್ದರು. ಪಟ್ಟಿಯಲ್ಲಿದ್ದವರಿಗೆ ಕಂಪನಿಯಿಂದ ‘ನಿಮ್ಮನ್ನು ನೆನೆಯುತ್ತಿದ್ದೇವೆ’ ಎಂಬ ಪತ್ರ ಹೋಗುತ್ತಿತ್ತು. ಪತ್ರ ಓದಿಯೂ ಅವರು ಹೋಗುತ್ತಿದ್ದರು. ತಿಂಗಳಿಗೆ ಸುಮಾರು ಸಾವಿರದಂತೆ ವರ್ಷ ಕಳೆದು ಇಪ್ಪತ್ತೊಂಬತ್ತು ಸಾವಿರ ಉಳಿಯಿತು. ಶ್ರೀದೇವಿ ಇಪ್ಪತ್ತೊಂಬತ್ತು ಸಾವಿರದ ಇನ್ನೂರು ಎಂದು ಬರೆದಿದ್ದಳು. ಕಂಪನಿಯವರು ಬಹಳ ನಿಖರ ಎಂದು ಮೆಚ್ಚಿ, ಇನ್ನು ಸ್ವಲ್ಪ ಒಳ್ಳೆಯ ಸುದ್ದಿ ಬರಬಹುದೇ ಎಂದು ಕೇಳಿದರು.

ಒಳ್ಳೆಯ ಸುದ್ದಿಯನ್ನು ತರಲು ಹೊರಟವನು ಸುನೀಲಕುಮಾರ. ಪಟ್ಟಿಯಲ್ಲಿರುವ ಪ್ರತಿಯೊಬ್ಬನಿಗೂ ಆಟದೊಳಗೆ ಒಂದು ಬಿಳಿ ಕುದುರೆ ಕೊಟ್ಟರೆ ಹೇಗೆ ಎಂದು ಅವನು ಬರೆದ. ಕಂಪನಿ ಒಪ್ಪಿತು, ಕುದುರೆ ಚಿತ್ರದ್ದಾದ್ದರಿಂದ ಮೇವಿನ ಖರ್ಚಿರಲಿಲ್ಲ. 2007ರ ನವೆಂಬರಿನಲ್ಲಿ ಕುದುರೆ ಹಂಚಿದರು. ಆ ತಿಂಗಳು ಶ್ರೀದೇವಿಯ ಲೆಕ್ಕದಲ್ಲಿ ಒಂಬೈನೂರು ಜನ ಹೋಗಬೇಕಿತ್ತು. ಐನೂರು ಜನ ಹೋದರು. ಡಿಸೆಂಬರಿನಲ್ಲಿಯೂ ಹಾಗೇ. ಜನವರಿಯಲ್ಲಿ ಇನ್ನೂ ಕಡಿಮೆ.

ಕಂಪನಿಯಿಂದ ಇಂಗ್ರಿಡ್ ಎಂಬ ಅಧಿಕಾರಿಣಿ ಸುನೀಲಕುಮಾರನಿಗೆ ಅಭಿನಂದನೆಯ ಇ-ಮೇಲ್ ಬರೆದಳು. ಅವನು ಅದನ್ನು ಬಣ್ಣದಲ್ಲಿ ಮುದ್ರಿಸಿ, ಕಟ್ಟು ಹಾಕಿಸಿ, ತನ್ನ ಕೋಣೆಯ ಬಾಗಿಲಿನ ಎದುರಿಗೇ ತೂಗುಹಾಕಿದ. ಹತ್ತು ಜನರನ್ನು ಹೊಸದಾಗಿ ತೆಗೆದುಕೊಳ್ಳುವ ಮಾತೂ ಬಂತು. ಶ್ರೀದೇವಿಗೆ ಯಾರೂ ಏನೂ ಅನ್ನಲಿಲ್ಲ. ಆದರೆ ಚಹಾ ಹೊತ್ತಿಗೆ ಯಾರಾದರೊಬ್ಬರು, ಕುದುರೆ ನಿಮ್ಮ ಸೂತ್ರ ತುಳಿದುಹೋಯಿತಲ್ಲರಿ ಮೇಡಂ ಎನ್ನುತ್ತಿದ್ದರು. ಅವಳೂ ನಗುತ್ತಿದ್ದಳು. ಮನೆಗೆ ಹೋಗುವ ಗಾಡಿಯಲ್ಲಿ ಮಾತ್ರ ಕಿಟಕಿಗೆ ತಲೆಯಾನಿಸಿ, ಎಲ್ಲಿ ತಪ್ಪಿದೆ ಎಂದು ಮೊದಲಿನಿಂದ ಕೂಡಿಸಿಕೊಂಡು ಬರುತ್ತಿದ್ದಳು. ತಪ್ಪು ತನ್ನದೇ ಎಂಬುದರಲ್ಲಿ ಅವಳಿಗೆ ಅನುಮಾನವಿರಲಿಲ್ಲ.

ಫೆಬ್ರವರಿಯ ಒಂದು ರವಿವಾರ ಬೆಳಿಗ್ಗೆ, ಪಟ್ಟಿಯಲ್ಲಿದ್ದೂ ಹೋಗದೆ ಉಳಿದವರ ಹಾಜರಿಯನ್ನು ಮುದ್ರಿಸಿಕೊಂಡು ಬಂದು, ಪಡಸಾಲೆಯಲ್ಲಿ ಹಾಸಿಕೊಂಡು ಕೂತಿದ್ದಳು. ಎದುರಿಗೆ ನೀಲಗಂಗವ್ವ ವರ್ಷದ ಖಾರಕ್ಕೆಂದು ತಂದ ಮೆಣಸಿನಕಾಯಿಯ ತುಂಬು ಬಿಡಿಸುತ್ತಿದ್ದಳು. ತುಂಬು ಎಂದರೆ ತೊಟ್ಟು. ಬ್ಯಾಡಗಿಯಲ್ಲಿ ಸಾವಿರಾರು ಹೆಂಗಸರು ಬದುಕುವುದೇ ಆ ಕೆಲಸದಿಂದ. ನೀಲಗಂಗವ್ವ ಮೂವತ್ತು ವರ್ಷ ಅರವತ್ತು ಹೆಂಗಸರ ಮೇಲೆ ಮೇಸ್ತ್ರಿಯಾಗಿದ್ದವಳು. ಓದು ಬರಹವಿಲ್ಲ, ಯಾರು ಬಂದರು, ಯಾರು ಬರಲಿಲ್ಲ ಎಂಬುದನ್ನು ಸಂಜೆಗೆ ಬಾಯಿಯಲ್ಲೇ ಒಪ್ಪಿಸುತ್ತಿದ್ದಳು. ಈಗಲೂ ಕೈ ತಾನಾಗಿ ಓಡುತ್ತಿತ್ತು, ಕಣ್ಣು ಸೊಸೆಯ ಹಾಳೆಗಳ ಮೇಲಿತ್ತು.

ಅದರಲ್ಲಿರುವ ಗೀಟು ಏನು ಎಂದು ಅವಳು ಕೇಳಿದಳು. ಬಂದ ದಿನಕ್ಕೆ ಒಂದು ಗೀಟು ಎಂದಳು ಶ್ರೀದೇವಿ. ಬರದ ದಿನ ಎಲ್ಲಿ ಎಂದಳು ಅತ್ತೆ. ಇವರು ಬರದ ದಿನವೇ ಇಲ್ಲ, ಸಾವಿರದ ನೂರ ನಲವತ್ತು ಜನ ತೊಂಬತ್ತು ದಿನದಲ್ಲಿ ಒಂದು ದಿನವೂ ತಪ್ಪಿಸಿಲ್ಲ, ಆಟದ ಮೇಲೆ ಅಷ್ಟು ಪ್ರೀತಿ ಎಂದಳು ಶ್ರೀದೇವಿ.

ನೀಲಗಂಗವ್ವ ಕೈ ನಿಲ್ಲಿಸಿದಳು.

“ಪ್ರೀತಿ ಅಲ್ಲವಾ ಅದು. ಮನಷ್ಯಾ ಅಂದಮ್ಯಾಲ ತಪ್ಪಸ್ತಾನ. ಜ್ವರಾ ಬರ್ತಾವು, ಬೀಗರು ಬರ್ತಾರ, ಅಮಾಸಿ ಬರ್ತೈತಿ. ಒಂದ್ ದಿನಾನೂ ತಪ್ಪಸದಾಂವ ಪುಸ್ತಕದಾಗ ಅಷ್ಟ ಇರ್ತಾನ.”

ಆಮೇಲೆ ಅವಳು ಒಂದು ಹಳೆಯ ಸಂಗತಿ ಹೇಳಿದಳು. ಹಿಂದೆ ಒಂದು ಅಂಗಡಿಯ ಗುಮಾಸ್ತ ಹಾಜರಿ ಪುಸ್ತಕದಲ್ಲಿ ಇಲ್ಲದವರ ಹೆಸರು ಸೇರಿಸಿ ಕೂಲಿ ತಾನೇ ತೆಗೆದುಕೊಳ್ಳುತ್ತಿದ್ದ. ಕುಲ್ಸುಮಬಿ ಎಂಬ ಹುಡುಗಿ ಸಂಕ್ರಾಂತಿಗೆ ಮದುವೆಯಾಗಿ ಗದಗಿಗೆ ಹೋಗಿದ್ದಳು. ಪುಸ್ತಕದಲ್ಲಿ ಯುಗಾದಿ ದಿನವೂ ಕೆಲಸಕ್ಕೆ ಬಂದಿದ್ದಳು. ಆಕೆ ಊರಲ್ಲಿದ್ದಾಗ ವಾರಕ್ಕೆರಡು ದಿನ ತಪ್ಪಿಸುತ್ತಿದ್ದಳು, ಹೋದ ಮೇಲೆ ಒಂದು ದಿನವೂ ತಪ್ಪಿಸಲಿಲ್ಲ ಎಂದು ನೀಲಗಂಗವ್ವ ಹೇಳಿದಳು. ಹೇಳಿ ಮುಗಿಸಿ, ಮತ್ತೆ ತುಂಬು ಬಿಡಿಸತೊಡಗಿದಳು.

ಶ್ರೀದೇವಿ ಹಾಳೆಗಳನ್ನು ಮಡಚಿದಳು. ಆ ದಿನ ಅವಳು ಸಾರಿಗೆ ಎರಡು ಸಲ ಉಪ್ಪು ಹಾಕಿದಳು.

ಸೋಮವಾರ ಕಚೇರಿಗೆ ಹೋದವಳೇ ಶಮಶೇರಸಾಬನ ಪಕ್ಕ ಕುರ್ಚಿ ಎಳೆದುಕೊಂಡಳು. ಶಮಶೇರಸಾಬನಿಗೆ ಮೂವತ್ಮೂರು ವರ್ಷ. ಮೊದಲು ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಕಲಿಸುತ್ತಿದ್ದ. ಅದು ಮುಚ್ಚಿದ ಮೇಲೆ ಇಲ್ಲಿಗೆ ಬಂದಿದ್ದ. ಆಟದೊಳಗೆ ಬೂದು ನಿಲುವಂಗಿ ತೊಟ್ಟು ಅಡ್ಡಾಡುತ್ತ, ದಾರಿ ತಪ್ಪಿದವರಿಗೆ ದಾರಿ ತೋರಿಸುವ ಕೆಲಸ ಅವನದು. ಕಾಪರ್‌ಗೇಟಿನ ಗಲ್ಲಿಗಲ್ಲಿಯೂ ಅವನಿಗೆ ಬಾಯಿಪಾಠವಾಗಿತ್ತು. ರಾಣೆಬೆನ್ನೂರಿನಲ್ಲಿ ಮನೆ ಬದಲಿಸಿ ಮೂರು ತಿಂಗಳಾದರೂ ಹೊಸ ಓಣಿಗೆ ಹೋಗಲು ಅವನು ಇನ್ನೂ ದಾರಿ ಕೇಳುತ್ತಿದ್ದ. ಶ್ರೀದೇವಿ ಐದಾರು ಹೆಸರು ಕೊಟ್ಟು, ಇವರು ಈಗ ಎಲ್ಲಿದ್ದಾರೆ ತೋರಿಸು ಎಂದಳು.

ಎಲ್ಲರೂ ಒಂದೇ ಕಡೆ ಇದ್ದರು. ಊರ ಹೊರಗೆ ಕಪ್ಪೆಗಳ ಜೌಗೊಂದಿತ್ತು. ಅಲ್ಲಿ ಕಪ್ಪೆ ಕೊಂದರೆ ಒಂದೊಂದು ತಾಮ್ರದ ನಾಣ್ಯ ಸಿಗುತ್ತದೆ. ಹೊಸಬರು ಮೊದಲ ದಿನ ಹೋಗಿ, ಎರಡನೆಯ ದಿನ ಬೇಸತ್ತು ಬಿಡುವ ಜಾಗ. ಅಲ್ಲಿ ನಲವತ್ತು ಜನ ಹಳೆಯ ವೀರರು, ಬಿಳಿ ಕುದುರೆಗಳನ್ನು ಬದಿಗೆ ನಿಲ್ಲಿಸಿ, ಸಾಲಾಗಿ ಕಪ್ಪೆ ಕೊಲ್ಲುತ್ತಿದ್ದರು. ಶಮಶೇರಸಾಬ ಅವರ ನಡುವೆ ಹೋಗಿ ನಿಂತ. ಅವರು ನೀರು ಕಲ್ಲನ್ನು ಬಳಸಿ ಹರಿಯುವಂತೆ ಅವನನ್ನು ಬಳಸಿ ಹೋದರು. ನಮಸ್ಕಾರ ಬರೆದ. ಯಾರೂ ಉತ್ತರಿಸಲಿಲ್ಲ.

ಅವನಿಗೆ ಸಂಗತಿ ತಿಳಿಯಿತು. ಆಟ ಬಿಡಬೇಕೆಂದಿದ್ದವರಿಂದ ಯಾರೋ ವೇಷಗಳನ್ನು ಕೊಂಡುಕೊಂಡಿದ್ದಾರೆ, ಕಂಪ್ಯೂಟರ್ ತಾನೇ ಆಡುವಂತೆ ಮಾಡಿಟ್ಟಿದ್ದಾರೆ, ಹೀಗೆ ಕೂಡಿಟ್ಟ ನಾಣ್ಯಗಳನ್ನು ಹೊರಗೆ ನಿಜವಾದ ದುಡ್ಡಿಗೆ ಮಾರುತ್ತಾರೆ ಎಂದು ವಿವರಿಸಿದ. ಬೇರೆ ಆಟಗಳಲ್ಲಿ ಹೀಗಾಗುತ್ತದೆಂದು ಅವನು ಕೇಳಿದ್ದ. ತನ್ನ ಊರಿನಲ್ಲಿಯೇ ಆಗುತ್ತದೆ ಎಂದುಕೊಂಡಿರಲಿಲ್ಲ. ಶ್ರೀದೇವಿಯ ಸೂತ್ರ ಹೋಗುತ್ತಾರೆ ಎಂದವರು ಹೋಗಿಯೇ ಇದ್ದರು. ಅವರ ಅಂಗಿಗಳು ಮಾತ್ರ ಉಳಿದಿದ್ದವು.

ಇಬ್ಬರೂ ಸುನೀಲಕುಮಾರನ ಕೋಣೆಗೆ ಹೋದರು. ಅವನು ಎಲ್ಲವನ್ನೂ ಕೇಳಿದ. ಗೋಡೆಯ ಮೇಲಿನ ಕಟ್ಟು ಹಾಕಿದ ಇ-ಮೇಲನ್ನು ಒಮ್ಮೆ ನೋಡಿದ. ಫ್ಯಾನು ಜೋರು ಮಾಡಿಸಿದ.

“ಯಾರಿಗೂ ಹೇಳಬ್ಯಾಡ್ರಿ ಅಂತ ನಾ ಹೇಳಂಗಿಲ್ಲ ಮೇಡಂ. ಆದ್ರ ಲಗೂ ಹೇಳೂದೇನೈತಿ?”

ಹೇಳಿದರೆ ಏನಾಗುತ್ತದೆ ಎಂದು ಅವನು ವಿವರಿಸಬೇಕಾಗಿರಲಿಲ್ಲ. ಆಟ ಚೇತರಿಸಿಕೊಂಡಿದೆ ಎಂಬ ನಂಬಿಕೆಯ ಮೇಲೆ ಈ ಮಹಡಿ ನಿಂತಿತ್ತು. ಇಪ್ಪತ್ತೆರಡು ಜನ ಈ ಮಹಡಿಯ ಮೇಲೆ ಕೂತಿದ್ದರು. ಶ್ರೀದೇವಿ ಇಪ್ಪತ್ಮೂರನೆಯವಳು. ಅವಳು ಒಂದು ದಿನ ಸುಮ್ಮನಿದ್ದಳು. ಮನೋಹರನನ್ನು ಕೇಳಿದಳು, ಅವನು ತೂತಿನ ಚೀಲ ಮಾರಿದರೆ ಕೊಂಡವನು ಒಂದೇ ಸಲ ಬರುತ್ತಾನೆ ಎಂದ. ಅವಳಿಗೆ ಅಷ್ಟೂ ಬೇಕಾಗಿರಲಿಲ್ಲ. ಮಾರ್ಚಿಯ ಪಟ್ಟಿ ಕಳಿಸುವ ದಿನ ಹತ್ತಿರ ಬಂದಿತ್ತು, ಸುಳ್ಳೆಂದು ಗೊತ್ತಿರುವ ಅಂಕಿಯನ್ನು ಕೈಯಾರೆ ಬರೆಯಲು ಅವಳಿಗೆ ಬರುತ್ತಿರಲಿಲ್ಲ. ಬರುವುದಿಲ್ಲ ಎಂಬುದರಲ್ಲಿ ದೊಡ್ಡಸ್ತಿಕೆಯೇನೂ ಇರಲಿಲ್ಲ. ಕೆಲವರಿಗೆ ಈಜು ಬರುವುದಿಲ್ಲ, ಹಾಗೆ.

ಬುಧವಾರ ಬೆಳಿಗ್ಗೆ ಸುನೀಲಕುಮಾರನಿಗೆ ತಿಳಿಸಿಯೇ ಅವಳು ಸಾವಿರದ ನೂರ ನಲವತ್ತು ಹೆಸರುಗಳನ್ನು ಇಂಗ್ರಿಡ್‌ಗೆ ಕಳಿಸಿದಳು. ಮಧ್ಯಾಹ್ನದ ಹೊತ್ತಿಗೆ ಉತ್ತರ ಬಂತು: ಧನ್ಯವಾದ, ಇವರನ್ನೆಲ್ಲ ಶುಕ್ರವಾರ ಅಳಿಸುತ್ತೇವೆ. ಸುನೀಲಕುಮಾರ ಅದನ್ನು ಓದಿ ಹಾವೇರಿಯ ಬಸ್ಸು ಹಿಡಿದು ಮನೆಗೆ ಹೋದ.

ಅದೇ ಸಂಜೆ ಶಮಶೇರಸಾಬ ಅವಳ ಮೇಜಿನ ಹತ್ತಿರ ಬಂದು ನಿಂತ. ಸೋಮವಾರ ಜೌಗಿನಲ್ಲಿ ಬರೆದ ನಮಸ್ಕಾರಕ್ಕೆ ಒಂದು ಉತ್ತರ ಬಂದಿತ್ತಂತೆ. ಅವನು ಅಲ್ಲಿಂದ ಹೊರಟ ಹನ್ನೊಂದು ನಿಮಿಷದ ಮೇಲೆ ಬಂದಿತ್ತು, ಇವತ್ತು ಹಳೆಯ ಮಾತುಕತೆಗಳನ್ನು ತೆರೆದಾಗ ಕಣ್ಣಿಗೆ ಬಿತ್ತು. ಆ ಸಾಲನ್ನು ಅವನು ಚೀಟಿಯಲ್ಲಿ ಬರೆದುಕೊಂಡು ಬಂದಿದ್ದ. ‘ನಮಸ್ಕಾರ. ನಾನಿದ್ದೇನೆ. ಬೆರಳು ನಿಧಾನ.’

ಶಮಶೇರಸಾಬ ಮತ್ತೆ ಜೌಗಿಗೆ ಹೋಗಿ ವಿಚಾರಿಸಿದ್ದ. ಬರೆದವನು ಆರ್ವಿಡ್ ಎಂಬ ಎಪ್ಪತ್ತೊಂದು ವರ್ಷದ ಮಾಜಿ ಅಂಚೆಯವನು. ಲಕ್ವ ಹೊಡೆದು ಬಲಗೈ ಬಿದ್ದಿತ್ತು. ಬೆರಳು ಆಡಿಸುತ್ತಿರಿ ಎಂದು ಡಾಕ್ಟರು ಹೇಳಿದ್ದರಿಂದ, ದಿನಕ್ಕೆ ನೂರರಂತೆ ಕಪ್ಪೆ ಕೊಲ್ಲುತ್ತಿದ್ದ. ಅವನ ಆಟದ ಗೆಳೆಯರೆಲ್ಲ ಬಿಟ್ಟು ಹೋಗಿದ್ದರು. ಅದಕ್ಕೇ ಶ್ರೀದೇವಿಯ ಸೂತ್ರ ಅವನ ಹೆಸರನ್ನೂ ಪಟ್ಟಿಗೆ ಹಾಕಿತ್ತು. ಒಂದು ದಿನವೂ ತಪ್ಪಿಸದ್ದರಿಂದ ಈಗ ಯಂತ್ರಗಳ ಸಾಲಿಗೂ ಹಾಕಿತ್ತು.

ಶ್ರೀದೇವಿ ಚೀಟಿಯನ್ನು ಬಹಳ ಹೊತ್ತು ನೋಡಿದಳು. ಒಬ್ಬನಿದ್ದಾನೆ ಎಂದರೆ ಇನ್ನೂ ಇರಬಹುದು. ಅವಳು ಇಂಗ್ರಿಡ್‌ಗೆ ಫೋನ್ ಮಾಡಿದಳು. ಅಲ್ಲಿಯವರೆಗೆ ಅವಳು ಫೋನಿನಲ್ಲಿ ಇಂಗ್ಲಿಷ್ ಮಾತಾಡಿದವಳಲ್ಲ. ಹೇಳಬೇಕಾದ್ದನ್ನು ಹಾಳೆಯಲ್ಲಿ ಬರೆದುಕೊಂಡು ಓದಿದಳು. ಅಳಿಸುವುದನ್ನು ಹತ್ತು ದಿನ ಮುಂದೆ ಹಾಕಬೇಕು, ಇವರಲ್ಲಿ ಮನುಷ್ಯರಿದ್ದಾರೆ ಎಂದಳು. ಎಷ್ಟು ಜನ ಎಂದು ಇಂಗ್ರಿಡ್ ಕೇಳಿದಳು. ಅದು ಹಾಳೆಯಲ್ಲಿರಲಿಲ್ಲ.

“ಗೊತ್ತಿಲ್ಲ,” ಎಂದಳು ಶ್ರೀದೇವಿ. “ಅದಕ್ಕೇ ಹತ್ತು ದಿನ.”

ಇಂಗ್ರಿಡ್ ಒಂಬತ್ತು ದಿನ ಕೊಟ್ಟಳು.

ಒಬ್ಬೊಬ್ಬರನ್ನೂ ಮಾತಾಡಿಸಿ ನೋಡುವುದೆಂದು ಇಬ್ಬರೂ ನಿಶ್ಚಯಿಸಿದರು. ಏನು ಕೇಳಬೇಕು ಎಂಬ ಪ್ರಶ್ನೆ ಬಂತು. ನೀವು ಮನುಷ್ಯರೇ ಎಂದು ಕೇಳುವುದು ಶಮಶೇರಸಾಬನಿಗೆ ಮರ್ಯಾದೆಯಾಗಿ ಕಾಣಲಿಲ್ಲ. ಸ್ವಲ್ಪ ಹೊತ್ತು ಯೋಚಿಸಿ, ಊಟ ಆಯಿತೇ ಎಂದು ಇಂಗ್ಲಿಷಿನಲ್ಲಿ ಬರೆದು, ಇಪ್ಪತ್ತು ನಿಮಿಷ ಕಾಯುವುದೆಂದು ಹೇಳಿದ. ಬದುಕಿದವರು ಯಾರೇ ಆದರೂ ಅದಕ್ಕೊಂದು ಉತ್ತರ ಕೊಟ್ಟೇ ಕೊಡುತ್ತಾರೆ ಎಂಬುದು ಅವನ ನಂಬಿಕೆ. ಕಚೇರಿಯ ಇನ್ನೂ ಆರು ಜನ ತಮ್ಮ ಕೆಲಸದ ನಡುವೆ ಕೈಜೋಡಿಸಿದರು. ಯಾಕೆ ಕೈಜೋಡಿಸಿದರೋ ತಿಳಿಯದು. ಈ ಕೆಲಸ ಮುಗಿದರೆ ತಮ್ಮ ಕೆಲಸವೂ ಮುಗಿಯುತ್ತದೆಂದು ಅಷ್ಟೂ ಜನಕ್ಕೂ ಗೊತ್ತಿತ್ತು.

ಜೌಗಿನಲ್ಲಿ ಬೂದು ನಿಲುವಂಗಿಯವರು ಕಪ್ಪೆಗಳ ನಡುವೆ ನಿಂತು ಊಟ ಆಯಿತೇ, ಊಟ ಆಯಿತೇ ಎಂದು ಕೇಳುತ್ತ ಹೋದರು. ಬೇರೆ ಬೇರೆ ದೇಶದವರು ಬೇರೆ ಬೇರೆ ಹೊತ್ತಿಗೆ ಎಚ್ಚರವಿರುತ್ತಾರೆಂದು ಒಂದೊಂದು ಹೆಸರನ್ನು ಮೂರು ಬೇರೆ ಹೊತ್ತಿನಲ್ಲಿ ಕೇಳಿದರು. ಶ್ರೀದೇವಿ ಪಟ್ಟಿಯ ಮೇಲೆ ಗುರುತು ಹಾಕುತ್ತಿದ್ದಳು. ನೂರಾರು ಹೆಸರಿಗೆ ಮೌನವೇ ಉತ್ತರ. ಒಬ್ಬ ಮಾತ್ರ ಕೂಡಲೇ ಸರಿ ಎಂದ. ಇವರಿಗೆ ಸಂತೋಷವಾಗಿ, ಏನು ಊಟ ಎಂದು ಕೇಳಿದರೆ ಸರಿ ಎಂದ. ನೀವು ಸತ್ತಿದ್ದೀರಾ ಎಂದು ಶಮಶೇರಸಾಬ ಕೇಳಿದಾಗಲೂ ಸರಿ ಎಂದ. ಅವನನ್ನು ಯಂತ್ರದ ಸಾಲಿಗೆ ಬರೆದರು.

ಎರಡನೆಯ ದಿನ ಒಬ್ಬ ಹೆಂಗಸು, ಆಲೂಗಡ್ಡೆ ಬೇಯುತ್ತಿದೆ, ಯಾಕೆ ಎಂದು ಬರೆದಳು. ನಾಲ್ಕನೆಯ ದಿನ ಒಬ್ಬ, ಹತ್ತು ವರ್ಷದಿಂದ ಚಂದಾ ಕಟ್ಟುತ್ತಿದ್ದೇನೆ, ಈ ಮಾತು ಕೇಳಿದ್ದು ನೀವೇ ಮೊದಲು ಎಂದು ಬರೆದ. ಇನ್ನೊಬ್ಬ ಸಿಟ್ಟಾದ. ಅವನ ಸಿಟ್ಟಿಗೆ ಇಡೀ ಕಚೇರಿ ಸಂತೋಷಪಟ್ಟಿತು. ಒಂಬತ್ತು ದಿನ ಮುಗಿದಾಗ, ಆರ್ವಿಡ್‌ನನ್ನೂ ಹಿಡಿದು, ಮನುಷ್ಯರು ಹದಿನೇಳು.

ಶ್ರೀದೇವಿ ಆ ಹದಿನೇಳು ಹೆಸರು ತೆಗೆದು ಹೊಸ ಪಟ್ಟಿ ಕಳಿಸಿದಳು. ಮಾರ್ಚಿಯ ಮೊದಲ ವಾರ ಸಾವಿರದ ನೂರ ಇಪ್ಪತ್ಮೂರು ಜನ ಒಂದೇ ಗಳಿಗೆಗೆ ಆಟದಿಂದ ಹೋದರು. ಅಷ್ಟು ದೊಡ್ಡ ನಷ್ಟವನ್ನು ಅವಳ ಸೂತ್ರ ಎಂದೂ ಹೇಳಿರಲಿಲ್ಲ. ಜೌಗಿನ ತುಂಬ ಕಪ್ಪೆಗಳಾದವು. ಆರ್ವಿಡ್‌ ಒಬ್ಬನೇ ಎಷ್ಟೆಂದು ಕೊಂದಾನು.

ಮುಂದಿನ ಮೂರು ವಾರ ಸುನೀಲಕುಮಾರ ಅವಳೊಡನೆ ನೇರವಾಗಿ ಮಾತಾಡಲಿಲ್ಲ. ಹೇಳಬೇಕಾದ್ದನ್ನು ಚೀಟಿಯಲ್ಲಿ ಬರೆದು ಕಳಿಸುತ್ತಿದ್ದ. ಅವಳೂ ಚೀಟಿಯ ಹಿಂದೆ ಉತ್ತರ ಬರೆಯುತ್ತಿದ್ದಳು. ಆ ಅವಧಿಯ ಪತ್ರವ್ಯವಹಾರ ಬಹಳ ಶುದ್ಧವಾದ ಗ್ರಾಂಥಿಕ ಕನ್ನಡದಲ್ಲಿ ನಡೆಯಿತು. ನಾಲ್ಕನೆಯ ವಾರ ಇಂಟರ್ನೆಟ್ ಕೆಟ್ಟು, ತುರ್ತಾಗಿ ಹೋಗಬೇಕಾದ ಕಡತವನ್ನು ಇಬ್ಬರೂ ಬಸ್ಸಿನಲ್ಲಿ ಹಾವೇರಿಗೆ ಒಯ್ಯಬೇಕಾಯಿತು. ದಾರಿಯಲ್ಲಿ ಅವನು, ನನ್ನ ಕುದುರೆ ಒಬ್ಬನನ್ನಾದರೂ ಉಳಿಸಿತೇ ಎಂದು ಕೇಳಿದ. ಶ್ರೀದೇವಿ ಅದನ್ನೂ ಲೆಕ್ಕ ಮಾಡಿದ್ದಳು. ತಿಂಗಳಿಗೆ ಸುಮಾರು ಆರು ಜನ ಎಂದಳು. ಬಸ್ಸು ಮೋಟೆಬೆನ್ನೂರು ದಾಟಿದ ಮೇಲೆ ಅವನು, ಆರು ಅಂದರೆ ಸೊನ್ನೆ ಅಲ್ಲವಲ್ಲ ಎಂದ. ಅಲ್ಲ ಎಂದಳು.

ಏಪ್ರಿಲಿನಲ್ಲಿ ಕಂಪನಿ ಅವಳಿಂದ ಕೊನೆಯದೊಂದು ಲೆಕ್ಕ ಕೇಳಿತು. ಹನ್ನೆರಡು ಸಾವಿರಕ್ಕಿಂತ ಕೆಳಗಿಳಿದರೆ ಆಟ ನಡೆಸಲಾಗದು; ಆ ದಿನ ಯಾವಾಗ? ಅವಳು 2009ರ ಮಾರ್ಚಿ ಎಂದು ಬರೆದಳು. ಕಂಪನಿಯವರು ಅವಳ ಲೆಕ್ಕವನ್ನು ಪೂರ್ತಿ ನಂಬಿದರು. ಹೇಗೂ ಮಾರ್ಚಿಗೆ ಮುಚ್ಚಬೇಕಾದ್ದನ್ನು ಅಲ್ಲಿಯವರೆಗೆ ಎಳೆಯುವುದೇಕೆಂದು 2008ರ ಡಿಸೆಂಬರ್ ಹದಿನಾಲ್ಕಕ್ಕೇ ಮುಚ್ಚುವುದಾಗಿ ಸಾರಿದರು. ಹಾಗಾಗಿ ಅವಳ ಲೆಕ್ಕ ಮೂರು ತಿಂಗಳು ತಪ್ಪಿತು. ಅವಳ ಮಾತನ್ನು ನಂಬಿದ್ದೇ ಅದು ಸುಳ್ಳಾಗಲು ಕಾರಣವಾದದ್ದನ್ನು ಯಾವ ಪುಸ್ತಕದಲ್ಲಿಯೂ ಓದಿದ ನೆನಪು ಅವಳಿಗಿರಲಿಲ್ಲ.

ಕೊನೆಯ ದಿನ ಮುಚ್ಚುವ ಹೊತ್ತು ನಮ್ಮ ಮಧ್ಯಾಹ್ನದ ಮೂರೂವರೆಗೆ ಬಿತ್ತು. ಶಮಶೇರಸಾಬ ಬೂದು ನಿಲುವಂಗಿ ತೊಟ್ಟು ಊರ ಹೆಬ್ಬಾಗಿಲಲ್ಲಿ ನಿಂತಿದ್ದ. ಎರಡು ಸಾವಿರಕ್ಕೂ ಹೆಚ್ಚು ಜನ ಬಂದು ಸೇರಿದ್ದರು. ಬಿಟ್ಟು ಹೋಗಿದ್ದ ಎಷ್ಟೋ ಮಂದಿ ಒಂದು ದಿನಕ್ಕೆಂದು ಮರಳಿದ್ದರು. ಶ್ರೀದೇವಿ ಅವನ ಹಿಂದೆ ನಿಂತು, ತಾನು ಎರಡು ವರ್ಷ ಸಾಲುಗಳಲ್ಲಿ ಓದಿದ ಹೆಸರುಗಳು ಕಾಲು ಬಂದು ಓಡಾಡುವುದನ್ನು ನೋಡಿದಳು. ಆರ್ವಿಡ್‌ ಬಂದು, ನಾಳೆಯಿಂದ ನನ್ನ ಬೆರಳಿಗೆ ಏನು ಮಾಡಲಿ ಎಂದು ಬರೆದ. ಶಮಶೇರಸಾಬ ತಿರುಗಿ ಅವಳ ಮುಖ ನೋಡಿದ. ಅವಳು ಸ್ವಲ್ಪ ಯೋಚಿಸಿ, ಬಟಾಣಿ ಸುಲಿಯಲು ಹೇಳು ಎಂದಳು. ನಮ್ಮತ್ತೆಗೆ ಅರವತ್ತೆರಡು, ಬೆರಳು ಇನ್ನೂ ಹುಡುಗಿಯದು ಎಂದಳು. ಅವನು ಹಾಗೇ ಬರೆದ. ಉತ್ತರ ಟೈಪಾಗುತ್ತಿದೆ ಎಂಬ ಗುರುತು ಕಾಣುತ್ತಿತ್ತು, ಅಷ್ಟರಲ್ಲಿ ಪರದೆ ಕಪ್ಪಾಗಿ ಸಂಪರ್ಕ ತಪ್ಪಿದೆ ಎಂಬ ಸಾಲು ಬಂತು.

ಶಮಶೇರಸಾಬ ಕಂಪ್ಯೂಟರ್ ಆರಿಸಿದ, ಮೇಲಿನ ಫ್ಯಾನು ಆರಿಸಿದ, ಕುರ್ಚಿಯನ್ನು ಮೇಜಿನ ಕೆಳಗೆ ಸರಿಸಿದ.

“ನಾಳೆ ಒಂಬತ್ತಕ್ಕ ಬರಬೇಕೇನ್ರಿ?” ಎಂದು ಸುನೀಲಕುಮಾರನನ್ನು ಕೇಳಿದ.

ಬರ್ರಿ ಎಂದ ಸುನೀಲಕುಮಾರ. ಮಾರನೆಯ ದಿನ ಎಲ್ಲರೂ ಒಂಬತ್ತಕ್ಕೆ ಬಂದರು. ಅವರಿಗಾಗಿ ಕೆಲಸ ಹುಡುಕುವುದು ಅವನಿಗೆ ಅನಿವಾರ್ಯವಾಯಿತು. ಕೆಳಗಿನ ಬೀಜದ ವ್ಯಾಪಾರಿಗಳಿಗೆ ಪೊಟ್ಟಣದ ಚೀಟಿ ಬರೆದುಕೊಡುವ, ರೈತರ ಫೋನಿಗೆ ಉತ್ತರಿಸುವ ಕೆಲಸ ಹಿಡಿದ. ಒಂಬತ್ತು ಜನ ಉಳಿದರು. ಶಮಶೇರಸಾಬ ಅವರಲ್ಲೊಬ್ಬ. ಬದನೆ ಗಿಡ ಬಾಡಿದೆ ಎಂದು ಫೋನ್ ಮಾಡಿದವರನ್ನು ಅವನು ಮೊದಲು ಊಟ ಆಯಿತೇ ಎಂದು ಕೇಳುತ್ತಾನೆಂದು ವ್ಯಾಪಾರಿಗಳು ಮೆಚ್ಚಿಕೊಂಡರು.

ಶ್ರೀದೇವಿ ನಾಲ್ಕು ತಿಂಗಳು ಮನೆಯಲ್ಲಿದ್ದಳು. ಮನೋಹರನ ಅಂಗಡಿಗೆ ಹೋಗಿ ಕೂರಲು ನೋಡಿದಳು, ಚೀಲಗಳ ಧೂಳಿಗೆ ಕೆಮ್ಮು ಹತ್ತಿತು. ಕೆಮ್ಮಿಗೆಂದು ಹಾವೇರಿಯ ಆಸ್ಪತ್ರೆಗೆ ಹೋದಾಗ ಕ್ಷಯರೋಗ ವಿಭಾಗದ ಬಾಗಿಲಿಗೆ ಅಂಟಿಸಿದ್ದ ಪ್ರಕಟಣೆ ಕಂಡಿತು. ಅಂಕಿಅಂಶ ನೋಡಿಕೊಳ್ಳಲು ಗುತ್ತಿಗೆಯ ಮೇಲೆ ಒಬ್ಬರು ಬೇಕಾಗಿದ್ದರು. ಆರು ತಿಂಗಳ ಗುಳಿಗೆಯನ್ನು ಎರಡನೆಯ ತಿಂಗಳಿಗೇ, ಕೆಮ್ಮು ನಿಂತಿತೆಂದು ಬಿಟ್ಟುಬಿಡುವವರು ಬಹಳ ಇದ್ದಾರೆ, ಅವರು ಯಾರೆಂದು ಬಿಟ್ಟ ಮೇಲಷ್ಟೇ ತಿಳಿಯುತ್ತದೆ ಎಂದು ಅಲ್ಲಿನ ಡಾಕ್ಟರು ಹೇಳಿದರು. ಶ್ರೀದೇವಿ ಹಾಜರಿ ಇದೆಯೇ ಎಂದು ಕೇಳಿದಳು.

ಇಲ್ಲಿಯೂ 2009ರ ಜುಲೈಯಿಂದ ಅವಳು ತಿಂಗಳಿಗೊಂದು ಪಟ್ಟಿ ಮಾಡತೊಡಗಿದಳು. ಆದರೆ ಪಟ್ಟಿ ಮಾಡಿ ಕೂರಲಿಲ್ಲ. ಅದರಲ್ಲಿ ಬಂದ ಪ್ರತಿ ಮನೆಗೂ ಬಸ್ಸು ಹಿಡಿದು ತಾನೇ ಹೋಗುತ್ತಿದ್ದಳು. ದೇವರಗುಡ್ಡದಲ್ಲಿ ಬಿಬಿಜಾನ್ ಎಂಬಾಕೆ, ಗುಳಿಗೆ ನುಂಗಿದರೆ ವಾಂತಿ ಬರುತ್ತದೆಂದು ಬಿಟ್ಟಿದ್ದಳು. ಊಟದ ನಂತರ ನುಂಗಲು ಹೇಳಿ, ಎರಡು ದಿನ ಎದುರಿಗೇ ಕೂತು ನುಂಗಿಸಿ ಬಂದಳು. ಕೆಲವರು ಸಿಕ್ಕರು. ಕೆಲವರು ಸಿಗಲಿಲ್ಲ. ಇಬ್ಬರು ಸತ್ತರು. ಸತ್ತವರ ಹೆಸರನ್ನು ಅವಳು ಬಿಟ್ಟು ಹೋದವರ ಸಾಲಿನಲ್ಲಿ ಬರೆಯದೆ ಬೇರೆ ಹಾಳೆಯಲ್ಲಿ ಬರೆದಿಟ್ಟಳು.

ಮೇಡ್ಲೇರಿಯ ಫಕ್ಕೀರೇಶನ ಹೆಸರು ಮೂರು ತಿಂಗಳು ಸತತವಾಗಿ ಪಟ್ಟಿಯ ಮೊದಲಿಗೇ ಬಂತು. ನಲವತ್ತೈದರ ಆಳು, ಹೊಳೆದಂಡೆಯಲ್ಲಿ ಕಬ್ಬಿನ ಹೊಲ, ಬಾಯಿ ಜೋರು. ಮೊದಲ ಸಲ ಹೋದಾಗ, ಯಾಕ ಬಂದೀರಿ ಎಂದು ಕೇಳಿದ್ದ. ನೀವು ಗುಳಿಗೆ ಬಿಡುವವರು ಎಂದು ಲೆಕ್ಕದಲ್ಲಿ ಬಂದಿದೆ, ನೂರಕ್ಕೆ ತೊಂಬತ್ತೊಂದು ಪಾಲು ಎಂದು ಶ್ರೀದೇವಿ ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದಳು. ಅವನಿಗೆ ಬಹಳ ಅವಮಾನವಾಯಿತು. ಚಹಾ ಕೂಡ ಕೊಡಿಸದೆ ಕಳಿಸಿದ್ದ.

ಆರನೆಯ ತಿಂಗಳ ಕೊನೆಗೆ ಅವಳು ಹೋದಾಗ ಅವನು ಹೊಲದ ಬದುವಿನ ಮೇಲೆ ಕೂತಿದ್ದ. ಅವಳನ್ನು ಕಂಡು ಎದ್ದು, ಅಂಗಿಯ ಜೇಬಿನಿಂದ ಖಾಲಿ ಗುಳಿಗೆ ಹಾಳೆಗಳ ಕಟ್ಟೊಂದನ್ನು ತೆಗೆದು ಅವಳ ಕೈಯಲ್ಲಿಟ್ಟ. ಆರು ತಿಂಗಳದ್ದೂ ಇತ್ತು. ಒಂದೂ ಬಿಸಾಕಿರಲಿಲ್ಲ.

“ನಿಮ್ಮ ಲೆಕ್ಕ ಸುಳ್ಳ ಮಾಡಬೇಕಂತನ ನುಂಗೇನಿ ನೋಡ್ರಿ,” ಎಂದ. “ಈಗೇನಂತೀರಿ?”

ಶ್ರೀದೇವಿ ಬದುವಿನ ಮೇಲೆ ಕೂತು ಹಾಳೆಗಳನ್ನೆಲ್ಲ ಎಣಿಸಿದಳು. ಎರಡು ಗುಳಿಗೆ ಹಾಗೇ ಇದ್ದವು. ಇದೇನು ಎಂದು ಕೇಳಿದಳು. ಮಗಳ ನಿಶ್ಚಿತಾರ್ಥದ ದಿನ ಮರೆತಿದ್ದನಂತೆ. ಅವಳು ಚೀಲದಿಂದ ಪುಸ್ತಕ ತೆಗೆದು, ಅವನ ಹೆಸರಿನ ಮುಂದೆ ತನ್ನ ಅಂದಾಜು ತಪ್ಪಿತು ಎಂದು ಬರೆದು ಸಹಿ ಹಾಕಿದಳು. ಅವನು ಬಗ್ಗಿ ನೋಡಿ, ಅದನ್ನು ಎರಡು ಸಲ ಓದಿಸಿದ. ಆಮೇಲೆ ಹೆಂಡತಿಯನ್ನು ಕೂಗಿ ಚಹಾ ಇಡಲು ಹೇಳಿದ. ರಾಣೆಬೆನ್ನೂರಿನ ಬಸ್ಸಿಗೆ ಇನ್ನೂ ಮುಕ್ಕಾಲು ಗಂಟೆ ಇತ್ತು.